ಕಲ್ಲಿನ ಅಕ್ಷರ, ಕತ್ತರಿಯ ಚುಕ್ಕಿ

ಚನ್ನರಾಯಪಟ್ಟಣ: ಶಾಸನ ಓದುವವರಿಗೆ ನಡುಮಧ್ಯಾಹ್ನದ ಬಿಸಿಲು ಒಗ್ಗುವುದಿಲ್ಲ. ನೆತ್ತಿಯ ಮೇಲಿನ ಬೆಳಕಿನಲ್ಲಿ ಸವೆದ ಅಕ್ಷರಗಳು ಕಲ್ಲಿನೊಳಗೇ ಕರಗಿಹೋಗುತ್ತವೆ. ಸಂಜೆಯ ಓರೆ ಬಿಸಿಲು ಬಿದ್ದಾಗ ಅವೇ ಅಕ್ಷರಗಳು ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಈ ಚನ್ನರಾಯಪಟ್ಟಣ ಹಾಸನ ಜಿಲ್ಲೆಯದಲ್ಲ, ದೇವನಹಳ್ಳಿ ತಾಲ್ಲೂಕಿನದು. ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟದಲ್ಲಿ ಪ್ರಕಟಿಸಿದರು. ಕೆತ್ತಿದವನ ಕೆಲಸ ಸಾರ್ಥಕವಾಗುವುದು ಎಷ್ಟೋ ಕಾಲದ ನಂತರ ಅಪರಿಚಿತನೊಬ್ಬ ಅದನ್ನು ತಪ್ಪಿಲ್ಲದೆ ಓದಿದಾಗ.

ಇದೇ ಮಾತು ಇಂದು ಶಸ್ತ್ರಚಿಕಿತ್ಸೆಯ ಕತ್ತರಿ, ಇಕ್ಕಳಗಳಿಗೂ ಅನ್ವಯಿಸುತ್ತದೆ. ಅವುಗಳ ಮೈಮೇಲೆ ತೊಗರಿಬೇಳೆಯಷ್ಟು ಜಾಗದಲ್ಲಿ ಲೇಸರ್ ಕಿರಣದಿಂದ ಒಂದು ಚೌಕವನ್ನು ಬರೆಯುತ್ತಾರೆ. ಅದು ಬಾರ್‌ಕೋಡಿನ ತಮ್ಮ. 1974ರ ಜೂನ್ 26ರಂದು ಅಮೆರಿಕದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲು ಓದಿಸಿದ ಬಾರ್‌ಕೋಡಿನಲ್ಲಿ ಇದ್ದದ್ದು ಗೆರೆಗಳು. ಇಲ್ಲಿ ಗೆರೆಗಳ ಬದಲು ಕಪ್ಪು-ಬಿಳಿ ಚುಕ್ಕಿಗಳು. ‘ಡೇಟಾ ಮ್ಯಾಟ್ರಿಕ್ಸ್’ ಎಂದು ಇದರ ಹೆಸರು. ಇದನ್ನು ಯಾರು ತಯಾರಿಸಿದರು, ಯಾವ ತಂಡದ್ದು ಎಂಬ ವಿವರವೆಲ್ಲ ಅದರಲ್ಲಿ ಅಡಗಿರುತ್ತದೆ.

ಕತ್ತರಿಗೇಕೆ ಜಾತಕ ಎಂದು ಕೇಳಬಹುದು. ಒಂದು ದಿನ ಆಸ್ಪತ್ರೆಯ ಹಬೆಯಂತ್ರ ಸರಿಯಾಗಿ ಕೆಲಸ ಮಾಡಲಿಲ್ಲವೆನ್ನೋಣ. ಅಂದು ಅದರೊಳಗಿದ್ದ ಉಪಕರಣಗಳು ಯಾವುವು? ಅವು ಯಾವ ರೋಗಿಗಳ ಮೈಗೆ ತಗುಲಿದವು? ಗುರುತಿಲ್ಲದಿದ್ದರೆ ಉತ್ತರವಿಲ್ಲ. ಗುರುತು ತಪ್ಪಿದರೆ ಏನಾಗುತ್ತದೆಂದು ದೇಹದೊಳಗೆ ಕೂರಿಸುವ ಸಾಧನಗಳು ತೋರಿಸಿಕೊಟ್ಟಿವೆ. ಡಿಪ್ಯೂ ಕಂಪನಿ ತನ್ನ ‘ಎಎಸ್‌ಆರ್’ ಸೊಂಟದ ಕೀಲನ್ನು 2010ರಲ್ಲಿ ವಾಪಸು ಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. ಆ ಪೈಕಿ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿಯ ಸುಳಿವು ಸಿಗಲಿಲ್ಲ. ಕೀಲು ಮೈಯೊಳಗಿತ್ತು, ಅದು ಯಾರ ಮೈಯೊಳಗೆ ಎಂಬ ಲೆಕ್ಕ ಇರಲಿಲ್ಲ.

ಮೈಯೊಳಗಿನ ಕೀಲನ್ನು ಯಾವ ಯಂತ್ರವೂ ಹೊರಗಿನಿಂದ ಓದಲಾರದು. ಆದ್ದರಿಂದ ಅದರ ಡಬ್ಬಿಯ ಮೇಲಿನ ಚೀಟಿಯೇ ರೋಗಿಯ ದಾಖಲೆ ಸೇರಬೇಕು. ಮತ್ತೆ ಮತ್ತೆ ತೊಳೆದು ಬಳಸುವ ಕತ್ತರಿಗೆ ಚೀಟಿ ಅಂಟಿಸಿದರೆ ನಿಲ್ಲದು. ಅದಕ್ಕೇ ಲೇಸರ್. ಕಿರಣದ ಬಿಸಿಗೆ ಸ್ಟೇನ್‌ಲೆಸ್ ಸ್ಟೀಲಿನ ಮೇಲ್ಮೈ ಆಮ್ಲಜನಕದೊಡನೆ ಕೂಡಿ ಕಪ್ಪಾಗುತ್ತದೆ. ಆಳವಾಗಿ ಕೊರೆಯುವಂತಿಲ್ಲ, ಕೊರೆದ ಗುಳಿಯಲ್ಲಿ ಕೊಳೆ ಕೂತೀತು. ಆದರೆ ಬಿಸಿ ಹೆಚ್ಚಾದರೂ ತೊಂದರೆಯೇ: ಉಕ್ಕು ತನ್ನ ತುಕ್ಕುನಿರೋಧಕ ಪದರವನ್ನು ಕಳೆದುಕೊಳ್ಳುತ್ತದೆ. ಆ ಪದರವನ್ನು ಮರಳಿ ಕೂಡಿಸಲು ಆಮ್ಲದಲ್ಲಿ ಅದ್ದಿದರೆ ಗುರುತೇ ಮಾಸಬಹುದು. ಆಮೇಲೆ 134 ಡಿಗ್ರಿ ಹಬೆಯ ಸ್ನಾನ, ನೂರಾರು ಬಾರಿ.

ಹೀಗಾಗಿ ಬರೆದರಷ್ಟೇ ಸಾಲದು, ಬರೆದದ್ದನ್ನು ಪರೀಕ್ಷಿಸಬೇಕು. ‘ನಮ್ಮ ಸ್ಕ್ಯಾನರ್ ಓದಿತಲ್ಲ’ ಎಂದರೆ ಅದು ಪರೀಕ್ಷೆಯಲ್ಲ. ಔಷಧಿ ಅಂಗಡಿಯವರು ಡಾಕ್ಟರ ಗೀಚು ಬರಹವನ್ನು ಓದಬಲ್ಲರು ಎಂದ ಮಾತ್ರಕ್ಕೆ ಆ ಬರಹ ಚೆನ್ನಾಗಿದೆ ಎಂದಾಗುವುದಿಲ್ಲವಷ್ಟೆ. ಸ್ಕ್ಯಾನರ್ ಕಷ್ಟಪಟ್ಟು ಊಹಿಸಿ ಓದುತ್ತದೆ. ಪರಿಶೀಲನಾ ಯಂತ್ರ ಅಂಕ ಹಾಕುತ್ತದೆ. ಲೋಹದ ಹೊಳಪು ಕಣ್ಣು ಕುಕ್ಕುವುದರಿಂದ ಅದೂ ಶಾಸನತಜ್ಞರಂತೆ ಬೆಳಕಿನ ಕೋನವನ್ನು ಬದಲಿಸುತ್ತದೆ: 30 ಡಿಗ್ರಿ, 45 ಡಿಗ್ರಿ, ನೇರ ಅಥವಾ ಸುತ್ತೆಲ್ಲ ಹರಡಿದ ಮಂದ ಬೆಳಕು. ಕಪ್ಪಿಗೂ ಬಿಳಿಗೂ ಅಂತರವೆಷ್ಟು, ಚುಕ್ಕಿಗಳ ಸಾಲು ಸೊಟ್ಟಗಾಗಿದೆಯೇ, ಅಂಚು ಮುರಿದಿದೆಯೇ ಎಂದು ನೋಡುತ್ತದೆ. ಚೌಕದ ಒಂದಷ್ಟು ಭಾಗ ಅಳಿಸಿದರೂ ಉಳಿದದ್ದರಿಂದ ಪೂರ್ತಿ ಓದಿಕೊಳ್ಳುವ ಗಣಿತ ಅದರಲ್ಲೇ ಇದೆ. ಆ ಆಪದ್ಧನ ಎಷ್ಟು ಖರ್ಚಾಗಿದೆ ಎಂಬ ಲೆಕ್ಕವೂ ಉಂಟು.

ಐಎಸ್‌ಒ/ಐಇಸಿ 29158 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಒಂದೊಂದಕ್ಕೂ 4ರಿಂದ 0ವರೆಗೆ ದರ್ಜೆ. ಕೊನೆಗೆ ಸಿಗುವುದು ಸರಾಸರಿಯಲ್ಲ, ಎಲ್ಲಕ್ಕಿಂತ ಕಡಿಮೆಯ ದರ್ಜೆ. ಉಳಿದೆಲ್ಲದರಲ್ಲಿ ನೂರಕ್ಕೆ ನೂರು ಬಂದು ಗಣಿತದಲ್ಲಿ ಡುಮ್ಕಿ ಹೊಡೆದರೆ ಎಸ್ಸೆಸ್ಸೆಲ್ಸಿ ಫೇಲೇ ತಾನೆ! ಈ ಪರೀಕ್ಷೆ ಗುರುತು ಬರೆದ ದಿನ ಒಮ್ಮೆ ನಡೆದರೆ ಸಾಲದು. ಆಮ್ಲದ ನಂತರ, ಹಬೆಯ ಸ್ನಾನಗಳ ನಂತರ ಮತ್ತೆ ನಡೆದಾಗಲೇ ನಿಜ ಗೊತ್ತಾಗುವುದು.

ಅಮೆರಿಕ 2013ರಲ್ಲೇ ಪ್ರತಿ ಸಾಧನಕ್ಕೂ ಪ್ರತ್ಯೇಕ ಗುರುತು ಬೇಕೆಂದು ನಿಯಮ ಮಾಡಿತು. ನಮ್ಮ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯಲ್ಲೂ ಅದಕ್ಕೆ ಜಾಗವಿದೆ. 2022ರ ಜನವರಿ 1ರಂದು ಜಾರಿಯಾಗಬೇಕಿದ್ದುದನ್ನು ಮುಂದೂಡಲಾಯಿತು. ಇತ್ತ ನಮ್ಮ ಚಿನ್ನದ ಒಡವೆಗಳ ಮೇಲೆ ಲೇಸರಿನ ಆರಕ್ಷರದ ಹಾಲ್‌ಮಾರ್ಕ್ ಸಂಖ್ಯೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ಬಳೆಯ ಗುರುತನ್ನು ಭೂತಗನ್ನಡಿ ಹಿಡಿದು ನೋಡುವ ನಾವು, ನಮ್ಮ ಹೊಟ್ಟೆ ಕೊಯ್ಯುವ ಕತ್ತರಿಯ ಗುರುತನ್ನೂ ಕೇಳುವುದು ತಪ್ಪಲ್ಲ.