‘ಸೈಟೇಶನ್ ಎಷ್ಟು?’ ಎಂದು ಕೇಳುವ ಮುನ್ನ

‘ವಿಶ್ವದ ಶೇ 2ರ ವಿಜ್ಞಾನಿಗಳ’ ಪಟ್ಟಿ ವರ್ಷಕ್ಕೊಮ್ಮೆ ಹೊರಬೀಳುತ್ತದೆ. ದಾವಣಗೆರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಹೆಸರೂ ಅದರಲ್ಲಿ ಬಂದದ್ದುಂಟು. ಊರು ಹೆಮ್ಮೆಪಡುವ ಸುದ್ದಿಯೇ. ಆದರೆ ಆ ಸುದ್ದಿ ಪಕ್ಕದ ಹರಿಹರ ಮುಟ್ಟುವಷ್ಟರಲ್ಲಿ ‘ಸ್ಟ್ಯಾನ್‌ಫೋರ್ಡ್ ಕೊಟ್ಟ ಪ್ರಶಸ್ತಿ’ ಆಗಿಬಿಡುತ್ತದೆ. ಅದು ಪ್ರಶಸ್ತಿಯಲ್ಲ, ಅದಕ್ಕೆ ಆಯ್ಕೆ ಸಮಿತಿಯೂ ಇಲ್ಲ. ಸ್ಟ್ಯಾನ್‌ಫೋರ್ಡ್‌ನ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ದತ್ತಾಂಶದಿಂದ ಆರು ಬಗೆಯ ಲೆಕ್ಕ ತೆಗೆದು ಮಾಡಿದ ಪಟ್ಟಿ ಅದು. ಇಡೀ ವೃತ್ತಿಜೀವನಕ್ಕೊಂದು, ಒಂದೇ ವರ್ಷಕ್ಕೊಂದು ಪಟ್ಟಿಯಿದೆ. ಯಾವುದರಲ್ಲಿ ಹೆಸರು ಬಂತೆಂದು ಕೇಳುವವರೇ ಇಲ್ಲ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇದರ ಬೇರಿನಲ್ಲಿರುವ ನಂಬಿಕೆ: ಯಾರ ಪೇಪರ್ ಹೆಚ್ಚು, ಯಾರ ಸೈಟೇಶನ್ (ಬೇರೆಯವರ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ಹೆಚ್ಚು, ಅವರೇ ದೊಡ್ಡ ವಿಜ್ಞಾನಿ. ಕ್ವಾಂಟಂ ಕಂಪ್ಯೂಟಿಂಗ್ ಎಲ್ಲರ ಬಾಯಲ್ಲಿರುವ ಈ ಕಾಲದಲ್ಲಿ ಆ ಕ್ಷೇತ್ರದವರನ್ನೂ ಹೀಗೇ ಅಳೆಯುತ್ತಾರೆ. ಈ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ಇದೆ.

1960ರ ದಶಕದ ಕೊನೆಯಲ್ಲಿ ಸ್ಟೀಫನ್ ವೀಸ್ನರ್ ಎಂಬ ಯುವಕ ನಕಲು ಮಾಡಲಾಗದ ‘ಕ್ವಾಂಟಂ ಹಣ’ದ ಬಗ್ಗೆ ಪ್ರಬಂಧ ಬರೆದ. ಪತ್ರಿಕೆ ತಿರಸ್ಕರಿಸಿತು. ಅದು ಅಚ್ಚಾದದ್ದು 1983ರಲ್ಲಿ. ಅದೇ ವಿಚಾರವನ್ನು ಬೆಳೆಸಿದ ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್, 1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಐಇಇಇ ಸಮ್ಮೇಳನಕ್ಕೆ ಒಂದು ಪ್ರಬಂಧ ಕೊಟ್ಟರು. ಸಮ್ಮೇಳನದ ಸಂಪುಟದಲ್ಲಿ 175ರಿಂದ 179ನೇ ಪುಟ, ಒಟ್ಟು ಐದೇ ಪುಟ. ಇಂದು ಜಗತ್ತು ‘ಬಿಬಿ84’ ಎಂದು ಕರೆಯುವುದು ಇದನ್ನೇ.

ಅದರ ತಿರುಳು ಇಷ್ಟು. ಸಂದೇಶವನ್ನು ಗುಪ್ತವಾಗಿಡುವ ರಹಸ್ಯ ಕೀಲಿಯ ಒಂದೊಂದು ಬಿಟ್ಟನ್ನೂ ಒಂದೊಂದು ಫೋಟಾನ್‌ನ ಧ್ರುವೀಕರಣದಲ್ಲಿಟ್ಟು ಕಳಿಸುತ್ತಾರೆ. ನೆಟ್ಟಗೆ–ಅಡ್ಡ ಎಂಬುದೊಂದು ಜೋಡಿ, ಎರಡು ಓರೆಗಳದು ಇನ್ನೊಂದು. ಯಾವುದನ್ನು ಬಳಸಿದರೆಂಬುದು ಕಳಿಸಿದವರಿಗಷ್ಟೇ ಗೊತ್ತು. ನಡುವೆ ಕದ್ದು ನೋಡುವವನು ಅರ್ಧದಷ್ಟು ಸಲ ತಪ್ಪು ಜೋಡಿಯಲ್ಲಿ ಅಳೆಯುತ್ತಾನೆ, ಹಾಗೆ ಅಳೆದ ಕೂಡಲೇ ಫೋಟಾನ್‌ನ ಸ್ಥಿತಿ ಕೆಡುತ್ತದೆ. ಅವನು ಪ್ರತಿಯೊಂದನ್ನೂ ಅಳೆದು ಮುಂದೆ ಕಳಿಸಿದರೆ, ಕಳಿಸಿದವರೂ ಪಡೆದವರೂ ಒಂದೇ ಜೋಡಿ ಬಳಸಿದ್ದರಿಂದ ಕೊನೆಗೆ ಉಳಿಸಿಕೊಂಡ ಬಿಟ್‌ಗಳಲ್ಲಿ ಸುಮಾರು ಶೇ 25ರಷ್ಟು ತಪ್ಪಿರುತ್ತವೆ. ಎರಡೂ ಕಡೆಯವರು ಒಂದಿಷ್ಟು ಬಿಟ್‌ಗಳನ್ನು ತಾಳೆ ನೋಡಿದರೆ ಕಳ್ಳತನ ಬಯಲು.

ಆರಂಭದಲ್ಲಿ ಇದನ್ನು ಗಮನಿಸಿದವರು ವಿರಳ. 1989ರಲ್ಲಿ ಸುಮಾರು 30 ಸೆಂಟಿಮೀಟರ್ ದೂರಕ್ಕೆ ಮೊದಲ ಪ್ರಯೋಗ ನಡೆಯಿತು. 2018ರಲ್ಲಿ ಬೆನೆಟ್, ಬ್ರಸಾರ್ ಇಬ್ಬರಿಗೂ ವುಲ್ಫ್ ಪ್ರಶಸ್ತಿ ಬಂತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಇಸ್ರೊ ಜತೆಗೂಡಿ ನಡೆಸಿದ ಕ್ವಾಂಟಂ ಕೀಲಿ ಪ್ರಯೋಗಗಳೂ ಇದೇ ದಾರಿಯಲ್ಲಿ ಹುಟ್ಟಿದವು. 1985ರಲ್ಲಿ ಸಂಖ್ಯೆ ನೋಡಿ ನೇಮಕ ಮಾಡುವ ಸಮಿತಿಯೊಂದು ಕೂತಿದ್ದರೆ ಆ ಐದು ಪುಟಕ್ಕೆ ಕವಡೆ ಕಿಮ್ಮತ್ತೂ ಸಿಗುತ್ತಿರಲಿಲ್ಲ.

ಪೇಪರ್, ಸೈಟೇಶನ್ ಎರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್ ಕಥೆಯೂ ಅಷ್ಟೇ. ಹತ್ತು ಪೇಪರ್‌ಗಳಿಗೆ ತಲಾ ಹತ್ತು ಸೈಟೇಶನ್ ಇದ್ದವರ ಸೂಚ್ಯಂಕ 10. ಎರಡೇ ಪೇಪರ್ ಬರೆದು, ಒಂದೊಂದಕ್ಕೂ ಸಾವಿರ ಸೈಟೇಶನ್ ಪಡೆದವರದು 2. 2005ರಲ್ಲಿ ಇದನ್ನು ರೂಪಿಸಿದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಅವರೇ 2020ರಲ್ಲಿ ಇದರ ಕೆಟ್ಟ ಪರಿಣಾಮಗಳ ಬಗ್ಗೆ ಎಚ್ಚರಿಸಿ ಬರೆದರು. ದಾವಣಗೆರೆ ಎಪಿಎಂಸಿಯಲ್ಲಿ ತೇವಾಂಶ ನೋಡದೆ ಬರೀ ಚೀಲ ಎಣಿಸಿ ಮೆಕ್ಕೆಜೋಳಕ್ಕೆ ಯಾರೂ ದರ ಕಟ್ಟುವುದಿಲ್ಲ. ವಿಜ್ಞಾನಿಗೆ ಮಾತ್ರ ಹಾಗೆ ಕಟ್ಟುತ್ತಾರೆ.

ಇನ್ನುಳಿದ ನಂಬಿಕೆಗಳು: ಸೈಟೇಶನ್ ಎಂದರೆ ಮೆಚ್ಚುಗೆ ಎನ್ನುವುದು ಸುಳ್ಳು. ಒಂದು ಬಗೆಯ ಕ್ವಾಂಟಂ ಕಂಪ್ಯೂಟರಿಗೆ ಬೇಕಾದ ಮಯೋರಾನಾ ಕಣದ ಸುಳಿವು ಸಿಕ್ಕಿತೆಂದು 2018ರಲ್ಲಿ ‘ನೇಚರ್’ ಪ್ರಕಟಿಸಿದ ಪ್ರಬಂಧವನ್ನು 2021ರಲ್ಲಿ ಹಿಂಪಡೆಯಲಾಯಿತು. ಅದನ್ನು ಟೀಕಿಸಿದ ಉಲ್ಲೇಖವೂ ಲೆಕ್ಕಕ್ಕೆ ಸೇರುತ್ತದೆ. ಗೂಗಲ್ ಸ್ಕಾಲರ್ ಸಂಖ್ಯೆಯೂ ಸ್ಕೋಪಸ್ ಸಂಖ್ಯೆಯೂ ಒಂದೇ ಎನ್ನುವುದೂ ಸುಳ್ಳು.

ಅಂಕಿ ಕಂಡೊಡನೆ ಕೈಮುಗಿಯುವ ಈ ಚಾಳಿ ವಿಜ್ಞಾನಕ್ಕಷ್ಟೇ ನಿಂತಿಲ್ಲ. ಕಾಲೇಜಿನ ರ‍್ಯಾಂಕಿಂಗ್ ಜಾಹೀರಾತು ನೋಡಿ ಮಕ್ಕಳ ಶುಲ್ಕ ಕಟ್ಟುವ ತಂದೆತಾಯಿ ಆ ಅಂಕಿ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಸಂಖ್ಯೆಗೆ ಬೆಲೆ ಬಂದ ಕಡೆ ಸಂಖ್ಯೆಯನ್ನು ಉಬ್ಬಿಸುವವರೂ ಹುಟ್ಟುತ್ತಾರೆ. 2023ರಲ್ಲಿ ಕ್ಲಾರಿವೇಟ್ ಕಂಪನಿ ತನ್ನ ‘ಅತಿ ಹೆಚ್ಚು ಉಲ್ಲೇಖಿತರ’ ಪಟ್ಟಿಯಿಂದ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಕೈಬಿಟ್ಟಿತು. ಲೆಕ್ಕವನ್ನು ತಿರುಚುವುದು ಸುಲಭವೆಂದು ಗಣಿತ ವಿಭಾಗವನ್ನೇ ತೆಗೆದುಹಾಕಿತು.

ಬಿಬಿ84 ಪ್ರಬಂಧ ಈಗ ಆರ್ಕೈವ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಧ್ರುವೀಕರಣದ ಪಾಠ ಓದಿದ ದಾವಣಗೆರೆ, ಹರಿಹರದ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಅದರ ಮುಖ್ಯ ವಿಚಾರ ಅರ್ಥವಾಗುತ್ತದೆ. ಮುಂದಿನ ಪಟ್ಟಿ ಬರುವಷ್ಟರಲ್ಲಿ ಅಧ್ಯಾಪಕರು ಅದನ್ನು ತರಗತಿಯಲ್ಲಿ ಒಮ್ಮೆ ಓದಿಸಲಿ.