ಶಾಲೆಯ ಗಣಕಯಂತ್ರಕ್ಕೆ ಮೆಮೊರಿ ವಿಸ್ತರಣೆ: ಆಯ್ಕೆಯ ಕ್ರಮ

ಶಾಲೆಯ ಗಣಕಯಂತ್ರವು ಕೆಟ್ಟುಹೋಗದಿದ್ದರೂ ಕೇವಲ ನಿಧಾನವಾದ ಕಾರಣಕ್ಕೆ ಮೂಲೆ ಸೇರುವುದುಂಟು. ನಲವತ್ತು ನಿಮಿಷಗಳ ಅವಧಿಯಲ್ಲಿ ಹತ್ತು ನಿಮಿಷವು ಯಂತ್ರ ಸಿದ್ಧವಾಗುವುದನ್ನು ಕಾಯುವುದರಲ್ಲಿಯೇ ಕಳೆದರೆ ನಷ್ಟವಾಗುವುದು ಕಲಿಕೆಯ ಸಮಯ. ಕನ್ನಡ ಮಾಧ್ಯಮದ ವಿಭಾಗಕ್ಕೆ ಒಂದೆರಡೇ ಯಂತ್ರಗಳಿರುವ ಶಾಲೆಯಲ್ಲಿ ಈ ನಷ್ಟ ಇನ್ನೂ ಹೆಚ್ಚಿನದು. ಕೀಲಿಮಣೆಯ ಮೂಲಕ ಕನ್ನಡ ಲಿಪಿಯನ್ನು ಬರೆಯಲು ಅಲ್ಲಿನ ಅನೇಕ ಮಕ್ಕಳಿಗೆ ದೊರೆಯುವ ಅವಕಾಶ ಆ ಯಂತ್ರಗಳಷ್ಟೇ.

ಇಂಥ ಯಂತ್ರಗಳಲ್ಲಿ ಹಲವನ್ನು ಮೆಮೊರಿಯ ವಿಸ್ತರಣೆಯಿಂದ ಮರಳಿ ಬಳಕೆಗೆ ತರಬಹುದು. ಆದರೆ ತಪ್ಪು ಮೆಮೊರಿಯನ್ನು ಕೊಂಡರೆ ಅದು ಯಂತ್ರದೊಳಗೆ ಕೂರುವುದೇ ಇಲ್ಲ. ಅಗತ್ಯವಿಲ್ಲದೆಡೆ ಸರಿಯಾದುದನ್ನೇ ಕೊಂಡರೂ ವೇಗ ಹೆಚ್ಚುವುದಿಲ್ಲ. ಆದುದರಿಂದ ಮೊದಲು ಅಳೆಯುವುದು, ಅನಂತರ ಯಂತ್ರವು ಏನನ್ನು ಸ್ವೀಕರಿಸುತ್ತದೆ ಎಂಬುದನ್ನು ಅರಿಯುವುದು, ಕೊನೆಯಲ್ಲಿ ಕೊಳ್ಳುವುದು ಎಂಬ ಕ್ರಮವನ್ನು ಪಾಲಿಸುವುದು ಉಚಿತ.

ಮೆಮೊರಿಯ ಕಾರ್ಯ

ಗಣಕಯಂತ್ರದಲ್ಲಿ ಮಾಹಿತಿಯು ಎರಡು ಸ್ಥಳಗಳಲ್ಲಿ ಇರುತ್ತದೆ. ಹಾರ್ಡ್‌ಡಿಸ್ಕ್ ಅಥವಾ ಎಸ್.ಎಸ್.ಡಿ. ಎಂಬುದು ಗ್ರಂಥಾಲಯದ ಕಪಾಟಿನಂತೆ. ವಿದ್ಯುತ್ ನಿಂತರೂ ಅಲ್ಲಿರುವುದು ಉಳಿಯುತ್ತದೆ. ರ್‍ಯಾಮ್ ಎಂದು ಕರೆಯಲಾಗುವ ಮೆಮೊರಿಯು ಓದುವ ಮೇಜಿನಂತೆ. ಸದ್ಯ ಬಳಕೆಯಲ್ಲಿರುವುದು ಮಾತ್ರ ಅಲ್ಲಿರುತ್ತದೆ, ಯಂತ್ರವನ್ನು ನಿಲ್ಲಿಸಿದೊಡನೆ ಬರಿದಾಗುತ್ತದೆ. ಮೇಜು ತುಂಬಿದಾಗ ಯಂತ್ರವು ಕೆಲವನ್ನು ತಾತ್ಕಾಲಿಕವಾಗಿ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಇದನ್ನು ಸ್ವ್ಯಾಪ್ ಎನ್ನುವರು. ಡಿಸ್ಕಿನ ವೇಗವು ಮೆಮೊರಿಯ ವೇಗಕ್ಕಿಂತ ಬಹಳ ಕಡಿಮೆ. ಹೀಗಾಗಿ ಸ್ವ್ಯಾಪ್ ಹೆಚ್ಚಿದಂತೆ ಯಂತ್ರ ತಡವರಿಸುತ್ತದೆ. ಮೆಮೊರಿಯ ವಿಸ್ತರಣೆಯಿಂದ ನಿವಾರಣೆಯಾಗುವುದು ಈ ಒಂದು ತೊಂದರೆ ಮಾತ್ರ.

ಮೊದಲು ಅಳತೆ

ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯು ಒದಗಿಸಿರುವ, ಉಬುಂಟು ಆಧಾರಿತ ಲಿನಕ್ಸ್ ಇರುವ ಯಂತ್ರದಲ್ಲಿ ಸಿಸ್ಟಂ ಮಾನಿಟರ್ ಎಂಬ ತಂತ್ರಾಂಶದಿಂದ ಇದೇ ಮಾಹಿತಿ ದೊರೆಯುತ್ತದೆ. ತರಗತಿಯಲ್ಲಿ ನಿತ್ಯ ಬಳಸುವ ತಂತ್ರಾಂಶಗಳನ್ನೆಲ್ಲ ತೆರೆದು, ಹತ್ತು ನಿಮಿಷ ಎಂದಿನಂತೆ ಕೆಲಸ ಮಾಡಿದ ಬಳಿಕ ಅಂಕಿಗಳನ್ನು ಬರೆದುಕೊಳ್ಳಬೇಕು. ಬರಿಯ ಯಂತ್ರವನ್ನು ಅಳೆದರೆ ಪ್ರಯೋಜನವಿಲ್ಲ.

ಮೆಮೊರಿಯ ಬಳಕೆಯು ಶೇಕಡಾ 85ನ್ನು ಮೀರಿ ಅಲ್ಲಿಯೇ ನಿಂತಿದ್ದು, ಕಿಟಕಿಯಿಂದ ಕಿಟಕಿಗೆ ಹೋಗುವಾಗ ಡಿಸ್ಕಿನ ದೀಪ ಎಡೆಬಿಡದೆ ಉರಿಯುತ್ತಿದ್ದರೆ ಮೆಮೊರಿಯ ಕೊರತೆ ಇದೆ ಎಂದು ತಿಳಿಯಬಹುದು. ಲಿನಕ್ಸ್ ತನ್ನಲ್ಲಿ ಖಾಲಿ ಇರುವ ಮೆಮೊರಿಯನ್ನೂ ಡಿಸ್ಕಿನ ಕಡತಗಳ ಪ್ರತಿಗಳನ್ನಿಡಲು ಬಳಸಿಕೊಳ್ಳುತ್ತದೆ. ಆದುದರಿಂದ ಅಲ್ಲಿ ಸ್ವ್ಯಾಪ್ ಬಳಕೆ ಏರುತ್ತಿದೆಯೇ ಎಂಬುದನ್ನು ಮುಖ್ಯವಾಗಿ ನೋಡಬೇಕು.

ಮೆಮೊರಿ ಅರ್ಧದಷ್ಟು ಖಾಲಿ ಇದ್ದೂ ಡಿಸ್ಕಿನ ಬಳಕೆ ಶೇಕಡಾ 100 ಇದ್ದರೆ ದೋಷ ಬೇರೆಡೆ ಇದೆ. ಹಳೆಯ ಹಾರ್ಡ್‌ಡಿಸ್ಕಿನ ಬದಲಿಗೆ ಎಸ್.ಎಸ್.ಡಿ. ಅಳವಡಿಸುವುದೇ ಅಲ್ಲಿ ಉತ್ತಮ ಪರಿಹಾರ. ಆರಂಭದಲ್ಲಿ ಚುರುಕಾಗಿದ್ದ ಯಂತ್ರವು ಅರ್ಧ ಗಂಟೆಯ ಬಳಿಕ ನಿಧಾನವಾದರೆ ಒಳಗಿನ ಫ್ಯಾನಿಗೆ ಹಿಡಿದ ಧೂಳು ಹಾಗೂ ಶಾಖವನ್ನು ಪರೀಕ್ಷಿಸಬೇಕು. ಈ ಸಂದರ್ಭಗಳಲ್ಲಿ ಮೆಮೊರಿಗೆ ವೆಚ್ಚ ಮಾಡಿದ ಹಣ ವ್ಯರ್ಥ.

ಕನ್ನಡದ ಮೇಲಿನ ಆರೋಪ

ಯಂತ್ರ ನಿಧಾನವಾದಾಗ ಕನ್ನಡದ ಅಕ್ಷರಶೈಲಿಗಳನ್ನೂ ಕೀಲಿಮಣೆಯ ತಂತ್ರಾಂಶವನ್ನೂ ತೆಗೆದುಹಾಕುವ ಸಲಹೆ ಬರುವುದುಂಟು. ಈ ಸಲಹೆಯನ್ನು ಒಪ್ಪುವ ಮೊದಲು ಲೆಕ್ಕವನ್ನು ನೋಡಬೇಕು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂಬ 5 ಸಂಕೇತಗಳಿವೆ. ಒಟ್ಟು 15 ಬೈಟ್. ಪುಟವೊಂದರಲ್ಲಿ 2000 ಸಂಕೇತಗಳಿದ್ದರೆ 6000 ಬೈಟ್. 200 ಪುಟಗಳ ಪುಸ್ತಕಕ್ಕೆ 12 ಲಕ್ಷ ಬೈಟ್. 4 ಜಿಬಿ ಮೆಮೊರಿಯಲ್ಲಿ ಸುಮಾರು 429 ಕೋಟಿ ಬೈಟ್‌ಗಳಿಗೆ ಸ್ಥಳವಿದೆ. ಪುಸ್ತಕವು ಅದರ ಮೂರು ಸಾವಿರದ ಒಂದಂಶವನ್ನೂ ತುಂಬುವುದಿಲ್ಲ.

ಅದೇ ಪಠ್ಯವನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ತೆರೆದರೆ ಲೆಕ್ಕ ಬದಲಾಗುತ್ತದೆ. ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕೆಗಳಾಗುತ್ತವೆ. ಪ್ರತಿ ಚುಕ್ಕೆಗೆ 3 ಬೈಟ್‌ನಂತೆ, ಪೂರ್ಣ ಗಾತ್ರದಲ್ಲಿ ತೆರೆದ ಒಂದು ಪುಟಕ್ಕೆ 2 ಕೋಟಿ 60 ಲಕ್ಷ ಬೈಟ್‌ಗಿಂತ ಹೆಚ್ಚು ಮೆಮೊರಿ ಬೇಕಾಗುತ್ತದೆ. ಬೆರಳಚ್ಚಾದ ಪುಟದ ನಾಲ್ಕು ಸಾವಿರ ಪಟ್ಟಿಗೂ ಇದು ಮಿಗಿಲು. ಮೆಮೊರಿಯನ್ನು ತುಂಬುವುದು ಇಂತಹ ಚಿತ್ರಗಳು, ವಿಡಿಯೋಗಳು ಹಾಗೂ ಬ್ರೌಸರಿನಲ್ಲಿ ತೆರೆದಿಟ್ಟ ಹತ್ತಾರು ಪುಟಗಳು. ಪ್ರಶ್ನೆಪತ್ರಿಕೆ, ಅಭ್ಯಾಸದ ಹಾಳೆ ಮೊದಲಾದವನ್ನು ಶಿಕ್ಷಕರು ಚಿತ್ರವಾಗಿ ಹಂಚಿಕೊಳ್ಳುವ ಬದಲು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ ಹಂಚಿಕೊಂಡರೆ ಹಳೆಯ ಯಂತ್ರದ ಹೊರೆ ಖರ್ಚಿಲ್ಲದೆ ಇಳಿಯುತ್ತದೆ.

ಯಂತ್ರವು ಸ್ವೀಕರಿಸುವ ಮೆಮೊರಿ

ಕೊರತೆ ಖಚಿತವಾದ ಬಳಿಕ ಮೂರು ಸಂಗತಿಗಳನ್ನು ತಿಳಿಯಬೇಕು.

1. ಪೀಳಿಗೆ. ಮೇಜಿನ ಗಣಕಯಂತ್ರಗಳ ಮೆಮೊರಿಯಲ್ಲಿ ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಪೀಳಿಗೆಗಳಿವೆ. ಮೊದಲ ಎರಡರಲ್ಲಿ 240, ಅನಂತರದ ಎರಡರಲ್ಲಿ 288 ಪಿನ್ನುಗಳಿರುತ್ತವೆ. ಪಿನ್ನುಗಳ ಸಂಖ್ಯೆ ಒಂದೇ ಆದರೂ ಅಂಚಿನಲ್ಲಿರುವ ಕಚ್ಚಿನ ಸ್ಥಾನ ಬೇರೆಬೇರೆ. ವಿದ್ಯುತ್ ಒತ್ತಡವೂ ಬೇರೆ. ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್4ಕ್ಕೆ 1.2 ವೋಲ್ಟ್, ಡಿಡಿಆರ್5ಕ್ಕೆ 1.1 ವೋಲ್ಟ್ ಸಾಮಾನ್ಯ. ಒಂದು ಪೀಳಿಗೆಯ ಸ್ಥಾನದಲ್ಲಿ ಇನ್ನೊಂದು ಕೂರುವುದಿಲ್ಲ. ಬಲವಂತದಿಂದ ಒತ್ತಿದರೆ ಮದರ್‌ಬೋರ್ಡಿಗೇ ಹಾನಿ. ಲ್ಯಾಪ್‌ಟಾಪಿನ ಮೆಮೊರಿ ಉದ್ದದಲ್ಲಿ ಚಿಕ್ಕದು. ಅದನ್ನು ಮೇಜಿನ ಯಂತ್ರಕ್ಕೆಂದು ಕೊಳ್ಳಬಾರದು. ಆದರೆ ಕೆಲವು ಪುಟ್ಟ ಗಾತ್ರದ ಮೇಜಿನ ಯಂತ್ರಗಳು ಲ್ಯಾಪ್‌ಟಾಪಿನ ಮೆಮೊರಿಯನ್ನೇ ಬಳಸುತ್ತವೆ ಎಂಬುದು ಗಮನದಲ್ಲಿರಲಿ.

2. ಗರಿಷ್ಠ ಮಿತಿ. ಮದರ್‌ಬೋರ್ಡಿನಲ್ಲಿ ಎಷ್ಟು ಸ್ಥಾನಗಳಿವೆ, ಒಟ್ಟು ಎಷ್ಟು ಮೆಮೊರಿಯನ್ನು ಅದು ತಾಳಬಲ್ಲದು ಎಂಬುದು ತಯಾರಕರ ಕೈಪಿಡಿಯಲ್ಲಿರುತ್ತದೆ. ಮಾದರಿಯ ಹೆಸರನ್ನು ಬೋರ್ಡಿನ ಮೇಲೆಯೇ ಮುದ್ರಿಸಿರುತ್ತಾರೆ.

3. ಕಾರ್ಯಾಚರಣ ವ್ಯವಸ್ಥೆ. 32 ಬಿಟ್‌ನ ವಿಂಡೋಸ್ 7 ಅಥವಾ ವಿಂಡೋಸ್ 10 ಇದ್ದಲ್ಲಿ 4 ಜಿಬಿಗಿಂತ ಹೆಚ್ಚಿನ ಮೆಮೊರಿ ಬಳಕೆಗೆ ಬಾರದು. ಅದರಲ್ಲಿಯೂ ಒಂದು ಪಾಲು ಯಂತ್ರದ ಇತರ ಭಾಗಗಳಿಗೆ ಸಲ್ಲುವುದರಿಂದ 3 ಜಿಬಿಗಿಂತ ತುಸು ಹೆಚ್ಚು ಮಾತ್ರ ಉಳಿಯುತ್ತದೆ. 8 ಜಿಬಿ ಬೇಕೆಂದಾದರೆ ಪ್ರೊಸೆಸರ್ 64 ಬಿಟ್‌ನದ್ದೆಂದು ಖಚಿತಪಡಿಸಿಕೊಂಡು, 64 ಬಿಟ್ ವ್ಯವಸ್ಥೆಯನ್ನು ಅಳವಡಿಸಬೇಕು.

ಇಲ್ಲಿಯೇ ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಮೆಮೊರಿಯನ್ನು ಹೆಚ್ಚಿಸಿದ ಮಾತ್ರಕ್ಕೆ ಹಳೆಯ ಯಂತ್ರವು ವಿಂಡೋಸ್ 11ಕ್ಕೆ ಅರ್ಹವಾಗುವುದಿಲ್ಲ. ಅದಕ್ಕೆ ಪ್ರೊಸೆಸರಿನ ಮತ್ತು ಸುರಕ್ಷತಾ ಚಿಪ್ಪಿನ ಪ್ರತ್ಯೇಕ ನಿಯಮಗಳಿವೆ. ಅಂತಹ ಯಂತ್ರಕ್ಕೆ ಮೆಮೊರಿಯ ವಿಸ್ತರಣೆಯೊಂದಿಗೆ ಲಿನಕ್ಸ್ ಹೊಂದಿಕೆಯಾಗುತ್ತದೆ.

ಚೀಟಿಯನ್ನು ಓದುವ ಬಗೆ

ಮೆಮೊರಿಯ ಪಟ್ಟಿಯ ಮೇಲೆ ಅಂಟಿಸಿರುವ ಚೀಟಿಯಲ್ಲಿ ಗಾತ್ರ, ಪೀಳಿಗೆ, ವೇಗ ಮೂರೂ ಇರುತ್ತವೆ. ‘ಪಿಸಿ3’ ಎಂದರೆ ಡಿಡಿಆರ್3, ‘ಪಿಸಿ4’ ಎಂದರೆ ಡಿಡಿಆರ್4. ಅದರ ಮುಂದಿನ ದೊಡ್ಡ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ವೇಗ ದೊರೆಯುತ್ತದೆ. ಪಿಸಿ3-12800 ಎಂದಿದ್ದರೆ 1600. ಪಿಸಿ4-19200 ಎಂದಿದ್ದರೆ 2400. ಕೆಲವು ತಯಾರಕರು ಭಾಗಿಸಿದ ಸಂಖ್ಯೆಯನ್ನೇ ನೇರವಾಗಿ ಮುದ್ರಿಸುವರು. ‘ಪಿಸಿ3ಎಲ್’ ಎಂಬುದು 1.35 ವೋಲ್ಟಿನಲ್ಲಿಯೂ ನಡೆಯುವ ಡಿಡಿಆರ್3; ಇದು ಸಾಮಾನ್ಯವಾಗಿ 1.5 ವೋಲ್ಟಿನ ಬೋರ್ಡಿನಲ್ಲಿಯೂ ಕೆಲಸ ಮಾಡುತ್ತದೆ.

ಭಿನ್ನ ವೇಗದ ಎರಡು ಪಟ್ಟಿಗಳನ್ನು ಒಟ್ಟಿಗೆ ಹಾಕಿದರೆ ಎರಡೂ ಕಡಿಮೆ ವೇಗದ್ದರಂತೆ ನಡೆಯುತ್ತವೆ. ಬೋರ್ಡು ಅಥವಾ ಪ್ರೊಸೆಸರಿನ ಮಿತಿಗಿಂತ ಹೆಚ್ಚಿನ ವೇಗದ ಮೆಮೊರಿಯೂ ಆ ಮಿತಿಗೆ ಇಳಿಯುತ್ತದೆ. ಆದುದರಿಂದ ಶಾಲೆಯ ಬಳಕೆಗೆ ಹೆಚ್ಚಿನ ವೇಗಕ್ಕೆಂದು ಹಣ ಕೊಡುವುದಕ್ಕಿಂತ ಹೆಚ್ಚಿನ ಗಾತ್ರಕ್ಕೆ ಕೊಡುವುದು ಲೇಸು.

ಒಂದು ಉದಾಹರಣೆ

ಇಂಟೆಲ್ ಕಂಪನಿಯ ಎಚ್61 ಚಿಪ್‌ಸೆಟ್ ಇರುವ ಯಂತ್ರವೊಂದನ್ನು ಪರಿಗಣಿಸೋಣ. ಇದರಲ್ಲಿ ಸಾಮಾನ್ಯವಾಗಿ ಎರಡು ಡಿಡಿಆರ್3 ಸ್ಥಾನಗಳಿದ್ದು, ಒಟ್ಟು 16 ಜಿಬಿವರೆಗೆ ಅವಕಾಶವಿದೆ. ಈಗ ಒಂದು ಸ್ಥಾನದಲ್ಲಿ 1333 ವೇಗದ 2 ಜಿಬಿ ಪಟ್ಟಿ ಇದೆ ಎಂದು ಭಾವಿಸಿದರೆ ಮೂರು ಆಯ್ಕೆಗಳು ಎದುರಾಗುತ್ತವೆ.

ಮೊದಲನೆಯದು, ಇನ್ನೊಂದು 2 ಜಿಬಿ ಪಟ್ಟಿಯನ್ನು ಸೇರಿಸುವುದು. ಒಟ್ಟು 4 ಜಿಬಿ ಆಗುತ್ತದೆ. ಬೆರಳಚ್ಚು, ಚಿತ್ರರಚನೆ, ಒಂದೆರಡು ಬ್ರೌಸರ್ ಪುಟಗಳಿಗೆ ಇಷ್ಟು ಸಾಕು. ಸಮಾನ ಗಾತ್ರದ ಎರಡು ಪಟ್ಟಿಗಳಿದ್ದರೆ ಪ್ರೊಸೆಸರ್ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಮಾಹಿತಿಯನ್ನು ಪಡೆಯುವುದರಿಂದ ವೇಗದಲ್ಲಿ ಅಲ್ಪ ಲಾಭವೂ ಇದೆ.

ಎರಡನೆಯದು, ಹಳೆಯದನ್ನು ಉಳಿಸಿಕೊಂಡು 4 ಜಿಬಿ ಪಟ್ಟಿಯನ್ನು ಸೇರಿಸಿ 6 ಜಿಬಿ ಮಾಡುವುದು. ಗಾತ್ರಗಳು ಅಸಮವಾದರೂ ಇಂತಹ ಯಂತ್ರಗಳು ಹೊಂದಿಕೊಳ್ಳುತ್ತವೆ. ಮುಂದಿನ ವರ್ಷ ಹಳೆಯ 2 ಜಿಬಿಯನ್ನು ತೆಗೆದು ಮತ್ತೊಂದು 4 ಜಿಬಿಯನ್ನು ಹಾಕುವ ದಾರಿಯೂ ತೆರೆದಿರುತ್ತದೆ.

ಮೂರನೆಯದು, ಒಮ್ಮೆಗೇ ಎರಡು 4 ಜಿಬಿ ಪಟ್ಟಿಗಳನ್ನು ಕೊಂಡು 8 ಜಿಬಿ ಮಾಡುವುದು. ಬ್ರೌಸರಿನ ಮೂಲಕ ಪಾಠಗಳನ್ನೂ ವಿಡಿಯೋಗಳನ್ನೂ ನಿತ್ಯ ತೋರಿಸುವ ಯಂತ್ರಕ್ಕೆ ಇದು ತಕ್ಕುದು. ತೆಗೆದ 2 ಜಿಬಿ ಪಟ್ಟಿಯು ಅದೇ ಪೀಳಿಗೆಯ ಇನ್ನೊಂದು ಯಂತ್ರಕ್ಕೆ ನೆರವಾಗುತ್ತದೆ. 16 ಜಿಬಿಯು ವಿಡಿಯೋ ಸಂಕಲನದಂತಹ ಕೆಲಸವಿದ್ದಲ್ಲಿ ಮಾತ್ರ ಅಗತ್ಯ.

ಹಣ ಸೀಮಿತವಾಗಿದ್ದು ಯಂತ್ರಗಳು ಹಲವಿದ್ದರೆ, ಒಂದನ್ನೇ 16 ಜಿಬಿಗೆ ಏರಿಸುವುದಕ್ಕಿಂತ ನಾಲ್ಕನ್ನು 4 ಜಿಬಿಗೆ ಏರಿಸುವುದು ಹೆಚ್ಚು ಮಕ್ಕಳಿಗೆ ಪ್ರಯೋಜನಕರ.

ಕೊಳ್ಳುವಾಗಿನ ಎಚ್ಚರ

ಅಂಗಡಿಗೆ ಹೋಗುವಾಗ ಹಳೆಯ ಪಟ್ಟಿಯ ಚೀಟಿಯ ಹಾಗೂ ಬೋರ್ಡಿನ ಹೆಸರಿನ ಛಾಯಾಚಿತ್ರಗಳನ್ನು ಒಯ್ಯಬೇಕು. ಸರ್ವರ್ ಯಂತ್ರಗಳಿಂದ ತೆಗೆದ ‘ರಿಜಿಸ್ಟರ್ಡ್’ ಬಗೆಯ ಮೆಮೊರಿ ಕಡಿಮೆ ಬೆಲೆಗೆ ಮಾರಾಟಕ್ಕಿರುತ್ತದೆ; ಅದು ಸಾಮಾನ್ಯ ಮೇಜಿನ ಯಂತ್ರದಲ್ಲಿ ನಡೆಯದು. ಎಎಂಡಿ ಪ್ರೊಸೆಸರ್ ಇರುವ ಬೋರ್ಡುಗಳಲ್ಲಿ ಮಾತ್ರ ನಡೆಯುವ ಅಗ್ಗದ ಡಿಡಿಆರ್2, ಡಿಡಿಆರ್3 ಪಟ್ಟಿಗಳೂ ಇವೆ. ಹೊಂದದಿದ್ದರೆ ಮರಳಿಸುವ ಷರತ್ತನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳಿತು. ಶಾಲೆಯಲ್ಲಿ ಬೇರೆ ಕಾರಣದಿಂದ ಕೆಟ್ಟು ನಿಂತಿರುವ ಯಂತ್ರಗಳಿದ್ದರೆ, ನಿಯಮಾನುಸಾರ ಅನುಮತಿ ಪಡೆದು ಅವುಗಳ ಮೆಮೊರಿಯನ್ನು ಬಳಸಬಹುದು. ವಾರಂಟಿ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿರುವ ಯಂತ್ರವನ್ನು ಶಾಲೆಯವರೇ ಬಿಚ್ಚಬಾರದು. ಯಾವುದೇ ಬದಲಾವಣೆಯನ್ನು ದಾಸ್ತಾನು ಪುಸ್ತಕದಲ್ಲಿ ದಾಖಲಿಸತಕ್ಕದ್ದು.

ಅಳವಡಿಕೆ ಮತ್ತು ಪರೀಕ್ಷೆ

ಯಂತ್ರವನ್ನು ನಿಲ್ಲಿಸಿ ವಿದ್ಯುತ್ ತಂತಿಯನ್ನು ಕಳಚಬೇಕು. ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿದರೆ ಮೈಯಲ್ಲಿನ ಸ್ಥಿರ ವಿದ್ಯುತ್ ಹರಿದುಹೋಗುತ್ತದೆ. ಪಟ್ಟಿಯನ್ನು ಅಂಚುಗಳಲ್ಲಿ ಹಿಡಿಯಬೇಕು. ಹೊಂಬಣ್ಣದ ಪಿನ್ನುಗಳನ್ನು ಮುಟ್ಟಬಾರದು. ಕಚ್ಚನ್ನು ಸರಿಹೊಂದಿಸಿ ಎರಡು ತುದಿಗಳನ್ನೂ ಸಮವಾಗಿ ಒತ್ತಿದರೆ ಬದಿಯ ಕೊಂಡಿಯು ಸದ್ದಿನೊಂದಿಗೆ ಮುಚ್ಚಿಕೊಳ್ಳುತ್ತದೆ.

ಯಂತ್ರವನ್ನು ಚಾಲೂ ಮಾಡಿದಾಗ ಪರದೆ ಮೂಡದೆ ಬೀಪ್ ಸದ್ದು ಮರಳಿಮರಳಿ ಕೇಳಿದರೆ ಪಟ್ಟಿ ಸರಿಯಾಗಿ ಕುಳಿತಿಲ್ಲದಿರುವುದೇ ಹೆಚ್ಚಾಗಿ ಕಾರಣ. ಕರಾವಳಿಯಂತಹ ತೇವದ ಹವೆಯಲ್ಲಿ ಪಿನ್ನುಗಳಿಗೆ ಮಬ್ಬು ಹಿಡಿಯುವುದರಿಂದಲೂ ಹೀಗಾಗುತ್ತದೆ. ಪೆನ್ಸಿಲ್ ಅಳಿಸುವ ಮೃದು ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿಯನ್ನು ಒರಸಿ, ಮತ್ತೆ ಕೂರಿಸಬೇಕು. ಹಳೆಯ ಯಂತ್ರಕ್ಕೆ ಕೆಲವೊಮ್ಮೆ ಇಷ್ಟೇ ದುರಸ್ತಿ ಸಾಕಾಗುತ್ತದೆ. ಅನಂತರ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್ ತಂತ್ರಾಂಶದಿಂದ ಪರೀಕ್ಷಿಸಿ, ಮೊದಲು ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಬೇಕು.

ತರಗತಿಯಲ್ಲಿ

ಈ ಕೆಲಸವನ್ನು ಪಾಠವಾಗಿಯೂ ಬಳಸಬಹುದು. ವಿದ್ಯಾರ್ಥಿಗಳು ವಿಸ್ತರಣೆಯ ಮೊದಲು ಮತ್ತು ಅನಂತರ ಯಂತ್ರ ಆರಂಭವಾಗಲು ಬೇಕಾದ ಸಮಯ, ಮೆಮೊರಿಯ ಶೇಕಡಾವಾರು ಬಳಕೆ ಇವನ್ನು ಕೋಷ್ಟಕದಲ್ಲಿ ದಾಖಲಿಸಲಿ. ತಮ್ಮ ಹೆಸರಿನಲ್ಲಿರುವ ಯೂನಿಕೋಡ್ ಸಂಕೇತಗಳನ್ನು ಎಣಿಸಿ ಬೈಟ್‌ಗಳ ಲೆಕ್ಕ ಮಾಡಲಿ. ಒತ್ತಕ್ಷರಕ್ಕೆ ಎಷ್ಟು ಸಂಕೇತ ಬೇಕೆಂಬುದನ್ನು ಮಕ್ಕಳು ಇಲ್ಲಿ ತಾವೇ ಕಂಡುಕೊಳ್ಳುವರು. ವ್ಯಾಕರಣದ ಪಾಠದಲ್ಲಿ ಕಲಿತ ವ್ಯಂಜನ, ಸ್ವರಚಿಹ್ನೆಗಳ ವಿಭಾಗವು ಯಂತ್ರದೊಳಗೂ ಇದೆ ಎಂಬುದು ಅವರಿಗೆ ಮನವರಿಕೆಯಾಗುತ್ತದೆ. ಮುಂದೆ ಯಂತ್ರ ನಿಧಾನವಾದಾಗ ಕನ್ನಡವನ್ನು ತೆಗೆಯಿರಿ ಎಂದು ಯಾರಾದರೂ ಹೇಳಿದರೆ, ಲೆಕ್ಕ ತೋರಿಸಿ ಉತ್ತರ ಕೊಡಲು ಆ ಮಕ್ಕಳಿಗೇ ಸಾಧ್ಯವಾಗುತ್ತದೆ.