ಹವ್ಯಾಸಿ ನಟಿಯೂ ರಂಗಗೀತೆಯೂ: ಶಿವಮೊಗ್ಗ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಇಂದು ನಾವು ‘ಹವ್ಯಾಸಿ ರಂಗಭೂಮಿ’ ಎನ್ನುವುದನ್ನು ಹಿಂದಿನ ತಲೆಮಾರಿನವರು ‘ವಿಲಾಸಿ ರಂಗಭೂಮಿ’ ಎಂದು ಕರೆಯುತ್ತಿದ್ದರು. ಎರಡು ಮಾತುಗಳಲ್ಲಿಯೂ ಬಿಡುವಿನ ಛಾಯೆಯೊಂದುಂಟು. ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿದ್ದು, ಉಳಿದ ವೇಳೆಯನ್ನು ನಾಟಕಕ್ಕೆ ಕೊಡುವವನೇ ಹವ್ಯಾಸಿ ಎಂಬುದು ಅದರ ಇಂಗಿತ. ಗಂಡಸಿನ ವಿಷಯದಲ್ಲಿ ಈ ಅರ್ಥವು ಒಪ್ಪಬಹುದು. ಹೆಂಗಸಿನ ವಿಷಯದಲ್ಲಿಯಾದರೋ ಬಿಡುವೆಂಬುದು ತಾನಾಗಿ ಒದಗಿಬರುವ ವಸ್ತುವಲ್ಲ. ಆಕೆ ಅದನ್ನು ಮನೆಗೆಲಸದಿಂದಲೂ ನೌಕರಿಯಿಂದಲೂ ಬಿಡಿಸಿಕೊಂಡು ಬರಬೇಕಾಗುತ್ತದೆ. ಹೀಗೆ ಬಂದ ನಟಿಗೆ ರಂಗದ ಮೇಲೆ ಎದುರಾಗುವ ಕಷ್ಟಗಳಲ್ಲಿ ಅತಿ ಮುಖ್ಯವಾದುದು ಅಭಿನಯವಲ್ಲ, ಹಾಡು ಎಂಬುದು ನಮ್ಮ ಅಭಿಪ್ರಾಯ. ಪ್ರಸ್ತುತ ಲೇಖನದಲ್ಲಿ ಈ ಒಂದು ಅಂಶವನ್ನೇ ವಿಚಾರಿಸುತ್ತೇವೆ.

ಕನ್ನಡದ ಸಂಗೀತ ನಾಟಕವು ಹಾಡುವ ನಟನಿಗಾಗಿ ಹುಟ್ಟಿದುದು. ಯಕ್ಷಗಾನದಲ್ಲಿ ಹಾಡುವವನು ಭಾಗವತ; ವೇಷಧಾರಿಯ ಪಾಲಿಗೆ ಬರುವುವು ಕುಣಿತ ಮತ್ತು ಮಾತು ಮಾತ್ರ. ಆದರೆ 1880ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿಯಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿದಾಗ ಪಾತ್ರಧಾರಿಯೇ ಗಾಯಕನೂ ಆದನು. ನಮ್ಮ ಕಂಪನಿ ನಾಟಕಗಳೂ ಈ ದಾರಿಯನ್ನೇ ಹಿಡಿದುವು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಾಲು ಹಾರ್ಮೋನಿಯಮ್ಮಿನ ಸದ್ದನ್ನು ಮೀರಿ ಕೊನೆಯ ಸಾಲಿಗೂ ಪದ ಮುಟ್ಟಬೇಕಾಗಿತ್ತು. ಆದುದರಿಂದ ಎತ್ತರದ ಶ್ರುತಿಯಲ್ಲಿ ಹಾಡಬಲ್ಲ ಕಂಠಕ್ಕೆ ಬೆಲೆ ಬಂದಿತು. ಸ್ತ್ರೀಪಾತ್ರಗಳನ್ನು ಕಂಠ ಒಡೆಯದ ಹುಡುಗರಿಗೂ ತೆಳುದನಿಯ ಗಂಡಸರಿಗೂ ಕೊಡುತ್ತಿದ್ದುದಕ್ಕೆ ಸಾಮಾಜಿಕ ನಿಷೇಧದೊಡನೆ ಈ ಸಂಗೀತದ ಕಾರಣವೂ ಕೂಡಿಕೊಂಡಿತ್ತು. ಮುಂದೆ ಗುಬ್ಬಿ ಕಂಪನಿಯಲ್ಲಿ ಬಿ. ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ಕೀರ್ತಿವಂತರಾದರು. 1958ರಲ್ಲಿ ಮೈಸೂರಿನ ಆರ್. ನಾಗರತ್ನಮ್ಮನವರು ಹೆಂಗಸರೇ ತುಂಬಿದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸನಂತಹ ಪುರುಷಪಾತ್ರಗಳನ್ನು ತಾವೇ ವಹಿಸಿದರು. ಆದರೆ ಇವರೆಲ್ಲರೂ ವೃತ್ತಿಯವರು. ಕಂಪನಿಯ ಬಿಡಾರದಲ್ಲಿ ನಿತ್ಯವೂ ಕೇಳಿ, ನಿತ್ಯವೂ ಹಾಡಿ, ‘ಒನ್ಸ್ ಮೋರ್’ ಎಂಬ ಕೂಗಿಗೆ ಅದೇ ಪದವನ್ನು ಮೂರು ಬಾರಿ ಹಾಡಿ ಹದಗೊಂಡ ಕಂಠಗಳು ಅವರವು.

ಇತ್ತ ವಿಲಾಸಿಗಳು ಕಂಪನಿಯ ಹಾಡಿನ ಭಾರದಿಂದ ಬೇಸತ್ತವರು. 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ನಿನ ಕಾಲದಿಂದ ಮೊದಲ್ಗೊಂಡು, ಟಿ. ಪಿ. ಕೈಲಾಸಂ ಅವರ ನಾಟಕಗಳ ಮೂಲಕ, ಗದ್ಯ ಸಂಭಾಷಣೆಗೇ ಪ್ರಾಧಾನ್ಯ ದೊರೆಯಿತು. ಕೈಲಾಸಂ ಸ್ವತಃ ಹಾಡು ಕಟ್ಟುವುದರಲ್ಲಿ ನಿಪುಣರಾಗಿದ್ದರೂ, ಅವರ ನಾಟಕದ ಬಲವಿರುವುದು ಮಾತಿನಲ್ಲಿ. ಆಗಲೂ ಸ್ತ್ರೀಪಾತ್ರ ಗಂಡಸಿನದೇ ಆಗಿತ್ತು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ಪದ್ಧತಿಯುಂಟು. ಹವ್ಯಾಸಿ ನಟಿಯ ಕಷ್ಟವನ್ನು ಅರಿಯಬೇಕಾದರೆ ಅದನ್ನು ಗಮನಿಸುವುದು ಅವಶ್ಯಕ. ಊರಿನ ಗಂಡಸರು ಕೈಯಿಂದ ಹಣ ಹಾಕಿ ಪೌರಾಣಿಕ ನಾಟಕವನ್ನು ಕಲಿಯುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ಕಂದಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ. ದ್ರೌಪದಿಯೋ ರುಕ್ಮಿಣಿಯೋ ಆಗುವವರು ಮಾತ್ರ ಪೇಟೆಯಿಂದ ಸಂಭಾವನೆಗೆ ಬಂದ ನಟಿಯರು. ಅವರಿಗೆ ಪಾತ್ರವೂ ಪದವೂ ಮೊದಲೇ ಕಂಠಸ್ಥವಾಗಿರುವುದರಿಂದ ತಾಲೀಮಿಗೆ ಹೆಚ್ಚು ದಿನ ಬರಬೇಕಾಗಿಲ್ಲ. ಅವರ ಕಲೆಗಾರಿಕೆ ಅಲ್ಪವಾದುದಲ್ಲ. ಆದರೆ ಇದರಿಂದ, ಹಾಡುವ ಹೆಂಗಸು ಹೊರಗಿನಿಂದ ಬರತಕ್ಕವಳು, ಊರಿನ ಮನೆಯವಳಲ್ಲ ಎಂಬ ಭಾವನೆ ಬೇರೂರಿತು. ಮಗಳು ನಾಟಕದಲ್ಲಿ ಮಾತನಾಡಿದರೆ ಒಪ್ಪುವ ತಂದೆಯೂ ಹಾಡಿದರೆ ಹುಬ್ಬುಗಂಟಿಕ್ಕುವುದಕ್ಕೆ ಇದೇ ಮೂಲ.

ಈ ಎರಡು ತೊಡಕುಗಳನ್ನೂ, ಎಂದರೆ ಪಳಗಿದ ಕಂಠದ ಕೊರತೆಯನ್ನೂ ಒಬ್ಬಳೇ ನಿಂತು ಹಾಡುವುದರ ಸಂಕೋಚವನ್ನೂ, ಒಮ್ಮೆಗೇ ಸಡಿಲಿಸಿದುದು 1970ರ ದಶಕದ ರಂಗಸಂಗೀತ. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿದ್ದು, ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತವನ್ನು ಕಲಿತು, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದ ಬಿ. ವಿ. ಕಾರಂತರಿಗೆ (1929–2002) ಕಂಪನಿಯ ಹಾಡಿನ ಬಲವೂ ಅದರ ದೌರ್ಬಲ್ಯವೂ ಚೆನ್ನಾಗಿ ತಿಳಿದಿದ್ದುವು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಅವರು ಆಡಿಸಿದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’, ಅನಂತರ ಬೆನಕ ತಂಡದ ‘ಸತ್ತವರ ನೆರಳು’ ಮುಂತಾದುವುಗಳಲ್ಲಿ ಹಾಡು ಮೇಳದ ಪಾಲಾಯಿತು. ಹತ್ತು ಮಂದಿಯ ನಡುವೆ ಒಂದು ಹೆಣ್ಣುದನಿ. ಸ್ವರ ಸ್ವಲ್ಪ ತಪ್ಪಿದರೆ ಪಕ್ಕದವರು ಎತ್ತಿಕೊಳ್ಳುತ್ತಾರೆ. ಮಾತಿನ ಏರಿಳಿತದಿಂದಲೇ ರಾಗ ಮೂಡುವುದರಿಂದ, ಸಂಗೀತ ಪಾಠವಿಲ್ಲದವಳಿಗೂ ಅದು ಬಾಯಿಗೆ ಹತ್ತುತ್ತದೆ. ಕಂಪನಿಯ ರಂಗಗೀತೆಯ ವೈಭವ ಇದರಿಂದ ಕುಂದಿತೆಂದು ಹಳಬರು ಹೇಳುವುದುಂಟು, ಅದು ಪೂರ್ತಿ ಸುಳ್ಳಲ್ಲ. ಆದರೆ ಗುಮಾಸ್ತೆಯೂ ಉಪಾಧ್ಯಾಯಿನಿಯೂ ವಿದ್ಯಾರ್ಥಿನಿಯೂ ಹಾಡುತ್ತ ರಂಗವನ್ನು ಹತ್ತಿದುದು ಈ ಮೇಳದ ಬಾಗಿಲಿನಿಂದ ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ಶಿವಮೊಗ್ಗ ಸೀಮೆಗೆ ಈ ಹೊಸ ಪದ್ಧತಿ ಹೊಂದಿಕೊಂಡುದು ಆಶ್ಚರ್ಯವಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಅಲ್ಲಿ ಕಲಿತವರು ಊರೂರುಗಳ ತಂಡಗಳಿಗೆ ನಿರ್ದೇಶಕರಾಗಿ ಹೋದರು. ಪಶ್ಚಿಮದ ತಾಲ್ಲೂಕುಗಳಲ್ಲಿ ಯಕ್ಷಗಾನವನ್ನು ಕೇಳಿ ಬೆಳೆದ ಕಿವಿಗಳಿದ್ದುವು. ಶಿವಮೊಗ್ಗ ನಗರಕ್ಕೆ ಹತ್ತಿರದಲ್ಲಿಯೇ, ತುಂಗೆಯ ದಡದ ಹೊಸಹಳ್ಳಿಯಲ್ಲಿ, ಗಮಕ ಕಲೆಯ ಪರಂಪರೆಯಿದೆ, ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಗಮಕದಲ್ಲಿ ರಾಗವು ಪದದ ಅರ್ಥವನ್ನು ಮುಚ್ಚಕೂಡದು. ರಂಗಗೀತೆಯ ನಿಯಮವೂ ಅದೇ. ಗಮಕ ಕಲಿತ ಹುಡುಗಿಗೆ ಪದಚ್ಛೇದ ಎಲ್ಲಿ, ಉಸಿರು ಎಲ್ಲಿ ಎಂಬುದನ್ನು ರಂಗದಲ್ಲಿ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಮ್ಮ ಕಾಲೇಜುಗಳ ನಾಟಕ ಸಂಘಗಳು ಇದನ್ನು ಏಕೆ ಬಳಸಿಕೊಳ್ಳುತ್ತಿಲ್ಲವೋ ತಿಳಿಯದು.

ಭದ್ರಾವತಿಯ ಮಾತು ಬೇರೆ. ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಆ ಊರಿನಲ್ಲಿ ಬಹುಕಾಲ ದಿನದ ಲೆಕ್ಕವೇ ಪಾಳಿಯ ಲೆಕ್ಕವಾಗಿದ್ದಿತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಅದಕ್ಕೆ ಸೇರಿಕೊಂಡಿತು. ಎಲ್ಲರೂ ಕೂಡಬೇಕಾದ ಮೇಳದ ತಾಲೀಮಿಗೆ ಪಾಳಿಯ ಊರು ಅನುಕೂಲವಲ್ಲ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಭದ್ರಾವತಿಯ ಶಾಲೆಯೊಂದರ ಉಪಾಧ್ಯಾಯಿನಿ ಶಿವಮೊಗ್ಗದ ತಂಡವೊಂದರಲ್ಲಿ ಮೇಳದವಳಾಗಿ ಎರಡು ವರ್ಷ ಹಾಡಿದ್ದಾಳೆ. ಮೂರನೆಯ ವರ್ಷ ಆಕೆಗೆ ನಾಯಕಿಯ ಪಾತ್ರ ಬರುತ್ತದೆ. ನಡುವಣ ದೂರ ಸುಮಾರು 20 ಕಿಲೋಮೀಟರು. ತಾಲೀಮು ಸಂಜೆ ಆರೂವರೆಗೆಂದು ಹೇಳಿದರೂ ಎಲ್ಲರೂ ಸೇರಿ ಆರಂಭವಾಗುವುದು ಏಳಕ್ಕೆ. ಆಕೆಯ ಲಕ್ಷ್ಯವೋ ಒಂಬತ್ತರ ಬಸ್ಸಿನ ಮೇಲೆ. ಹಾಡಿನ ತಾಲೀಮನ್ನು ಕೊನೆಗೆ ಇಟ್ಟುಕೊಳ್ಳುವುದು ಹಲವು ತಂಡಗಳ ರೂಢಿಯಾದುದರಿಂದ, ಯಾವುದನ್ನು ಆಕೆ ಹೆಚ್ಚು ಕಲಿಯಬೇಕೋ ಅದನ್ನೇ ಬಿಟ್ಟು ಏಳಬೇಕಾಗುತ್ತದೆ. ಮನೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡೋಣವೆಂದರೆ ನೆರೆಯವರ ಗೋಡೆ ಹತ್ತಿರ. ಮಾತನ್ನು ಮನಸ್ಸಿನಲ್ಲಿಯೇ ಮನನ ಮಾಡಬಹುದು. ಹಾಡನ್ನು ಹಾಗೆ ಮಾಡಲಾಗದು, ಅದು ಕಂಠದಿಂದ ಹೊರಬಂದಲ್ಲದೆ ಕೈಹತ್ತದು.

ಇನ್ನು ಶ್ರುತಿ. ಹಾರ್ಮೋನಿಯಮ್ಮಿನ ಭಾಷೆಯಲ್ಲಿ ಗಂಡಸಿನ ಸಾಮಾನ್ಯ ಶ್ರುತಿ ಬಿಳಿ 1, ಬಿಳಿ 2ರ ಆಸುಪಾಸಿನದು. ಹೆಂಗಸಿನದು ಬಿಳಿ 5ರಿಂದ ಕರಿ 5ರವರೆಗೆ. ತಂಡದಲ್ಲಿ ಗಂಡಸರ ಸಂಖ್ಯೆ ಹೆಚ್ಚಿದ್ದು, ಹಾರ್ಮೋನಿಯಂ ಹಿಡಿದವನೂ ಗಂಡಸೇ ಆಗಿರುವಾಗ ಇಡೀ ನಾಟಕ ಬಿಳಿ 1ಕ್ಕೆ ನಿಂತುಬಿಡುತ್ತದೆ. ಮೇಳದಲ್ಲಿದ್ದಾಗ ಈ ತೊಂದರೆ ಮರೆಯಾಗಿರುತ್ತದೆ: ಕೆಳಗಿಳಿದಾಗ ಬಾಯಿ ಆಡಿಸಿ, ಮೇಲೇರಿದಾಗ ದನಿ ಕೂಡಿಸಿದರೆ ಸಾಕು. ಒಬ್ಬಳೇ ಹಾಡುವಾಗ ಮಂದ್ರದಲ್ಲಿ ಪದ ಕೇಳಿಸುವುದಿಲ್ಲ. ಒಂದು ಸ್ಥಾಯಿ ಮೇಲಕ್ಕೆತ್ತಿದರೆ ತಾರ ಷಡ್ಜದ ಬಳಿ ಕಿರಿಚಿದಂತಾಗುತ್ತದೆ. ಆಗ ‘ಈಕೆಗೆ ಕಂಠವಿಲ್ಲ’ ಎಂಬ ತೀರ್ಪು ಹೊರಡುತ್ತದೆ. ಕಂಠವಿದೆ, ಶ್ರುತಿಯನ್ನು ಕೊಟ್ಟಿಲ್ಲ ಎನ್ನುವುದೇ ನಿಜ.

ಪರಿಹಾರವು ಕಷ್ಟವಾದುದಲ್ಲ. ನಟಿಯ ಪದಕ್ಕೆ ಬಿಳಿ 5ನ್ನು ಷಡ್ಜವಾಗಿ ಹಿಡಿಯಬಹುದು. ಬಿಳಿ 1ಕ್ಕೆ ಕೂಡಿಸಿದ ತಬಲಾ ಆಗ ಹೊಸ ಷಡ್ಜಕ್ಕೆ ಶುದ್ಧ ಮಧ್ಯಮವಾಗಿ ನಿಲ್ಲುವುದರಿಂದ ಹೆಚ್ಚು ಅಪಶ್ರುತಿಯೆನಿಸದು. ಮಧ್ಯಮವಿಲ್ಲದ ರಾಗವಾದರೆ ಡೋಲಕ್ ಅಥವಾ ತಾಳ ಸಾಕು. ಯುಗಳ ಗೀತೆಯಲ್ಲಿ ಇಬ್ಬರ ಪದಗಳ ನಡುವೆ ಎರಡು ಆವರ್ತದ ವಾದ್ಯವನ್ನಿಟ್ಟು ಶ್ರುತಿಯನ್ನು ಬದಲಿಸಬಹುದು. ಇದಕ್ಕೆ ಬೇಕಾದುದು ಹಾರ್ಮೋನಿಯಂನವನು ಮೊದಲ ವಾರದಲ್ಲಿಯೇ ನಟಿಯನ್ನು ಕೂರಿಸಿಕೊಂಡು, ಅವಳ ದನಿ ಎಲ್ಲಿಂದ ಎಲ್ಲಿಯವರೆಗೆ ಸುಲಭವಾಗಿ ಓಡುತ್ತದೆಂದು ನೋಡುವ ಅರ್ಧ ಗಂಟೆ.

ಈ ಅರ್ಧ ಗಂಟೆಯನ್ನು ಉಳಿಸಲು ಈಚೆಗೆ ಎರಡು ಉಪಾಯಗಳು ಬಳಕೆಗೆ ಬಂದಿವೆ: ವಿಂಗಿನ ಪಕ್ಕದಲ್ಲಿ ಕುಳಿತ ಗಾಯಕಿ ನಟಿಯ ಪರವಾಗಿ ಹಾಡುವುದು ಒಂದು, ಮೊದಲೇ ಮುದ್ರಿಸಿಟ್ಟ ಹಾಡಿಗೆ ತುಟಿಯಾಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಯಕ್ಷಗಾನದ ಭಾಗವತಿಕೆಯ ಆಧಾರವಾದರೂ ಇದೆ. ಹಾಡುವವಳು ಮರೆಯಲ್ಲಿರದೆ ಎದುರಿಗೇ ಕುಳಿತರೆ ಅದೊಂದು ಒಪ್ಪತಕ್ಕ ಶೈಲಿಯೇ ಆದೀತು. ಎರಡನೆಯದನ್ನು ನಾವು ಒಪ್ಪಲಾರೆವು. ಮುದ್ರಿತ ಹಾಡು ನಟಿಗಾಗಿ ಕಾಯುವುದಿಲ್ಲ. ಸಭೆ ನಕ್ಕಾಗ ನಿಲ್ಲುವ, ದುಃಖದ ಪದದ ಮೇಲೆ ಒಂದು ಕ್ಷಣ ತಡೆಯುವ, ಎದುರು ಪಾತ್ರ ತಡವಾದರೆ ಪಲ್ಲವಿಯನ್ನು ಮತ್ತೊಮ್ಮೆ ಹಿಡಿಯುವ ಸ್ವಾತಂತ್ರ್ಯವೆಲ್ಲ ಅಲ್ಲಿಗೆ ಮುಗಿಯಿತು. ಹೊಟ್ಟೆಪಾಡಿಗಾಗಿ ಅಲ್ಲದೆ ತನ್ನ ಸಂತೋಷಕ್ಕಾಗಿ, ಇಷ್ಟು ಕಷ್ಟಪಟ್ಟು ಬಂದವಳಿಂದ ಅದನ್ನೇ ಕಿತ್ತುಕೊಂಡ ಮೇಲೆ ಆಕೆಗೆ ಉಳಿಯುವುದೇನು?

ವೇಷಭೂಷಣದ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. ಈ ಕ್ಷೇತ್ರದಲ್ಲಿ ನೂರಾರು ನಾಟಕಗಳಿಗೆ ದುಡಿದ, ಮುಂದೆ ‘ಫಣಿಯಮ್ಮ’ ಚಿತ್ರವನ್ನು ನಿರ್ದೇಶಿಸಿದ ಪ್ರೇಮಾ ಕಾರಂತರು (1936–2007) ಹುಟ್ಟಿದುದು ಭದ್ರಾವತಿಯಲ್ಲಿ; ಶಾಲೆಯ ಉಪಾಧ್ಯಾಯಿನಿಯಾಗಿದ್ದು ರಂಗಕ್ಕೆ ಬಂದವರು. ಹಾಡುವ ನಟಿಯ ಸೊಂಟಪಟ್ಟಿ ಬಿಗಿಯಾದಷ್ಟೂ ಉಸಿರು ಮೊಟಕಾಗುತ್ತದೆ. ತಾಲೀಮಿನಲ್ಲಿ ಚೂಡಿದಾರದಲ್ಲಿ ಹಾಡಿದ ಪದವನ್ನು ಪ್ರದರ್ಶನದ ದಿನ ಬಾಡಿಗೆಯ ಜರಿ ಸೀರೆ, ಡಾಬು, ಕಿರೀಟಗಳೊಡನೆ ಹಾಡಬೇಕಾಗಿ ಬಂದಾಗ, ಚರಣದ ಕೊನೆಯ ಅಕ್ಷರ ನುಂಗಿಹೋಗುವುದು ಅಂಜಿಕೆಯಿಂದಲ್ಲ. ಎರಡು ತಾಲೀಮುಗಳನ್ನಾದರೂ ವೇಷದಲ್ಲಿಯೇ ನಡೆಸುವುದು ಲೇಸು.

ಮದುವೆ, ಮಕ್ಕಳು, ವರ್ಗಾವಣೆ ಎಂದು ಹವ್ಯಾಸಿ ನಟಿ ಹತ್ತು ಹದಿನೈದು ವರ್ಷ ಮರೆಯಾಗುವುದು ಸಾಮಾನ್ಯ. ಹಾಗೆ ಹೋದವರು ಮರಳಿ ಬರುವುದಿದ್ದರೆ ಬರುವುದೂ ಮೇಳಕ್ಕೇ. ಐವತ್ತರ ಹೆಂಗಸಿನ ದನಿ ಇಪ್ಪತ್ತರ ದನಿಗಿಂತ ಒಂದೆರಡು ಮೆಟ್ಟಿಲು ತಗ್ಗಿರುತ್ತದೆ; ಗಂಡಸರ ಶ್ರುತಿಗೂ ಹುಡುಗಿಯರ ಶ್ರುತಿಗೂ ನಡುವೆ ನಿಂತು ಎರಡನ್ನೂ ಕೂಡಿಸಬಲ್ಲ ಕಂಠ ಅದು. ಪಾತ್ರಗಳನ್ನು ಹಂಚುವಾಗ ತಾಯಿ, ಅತ್ತೆ, ಮುದುಕಿ ಎಂಬ ಮೂರರ ಆಚೆಗೆ ಈಕೆಗೇನೂ ಇಲ್ಲವೆಂದು ತಿಳಿಯುವ ನಿರ್ದೇಶಕರು ಮೇಳದ ಮುಂದಾಳುತನವನ್ನು ಆಕೆಗೆ ಒಪ್ಪಿಸಿ ನೋಡಬಹುದು.